ಸ್ತ್ರೀಯರ ದೇಹಸಾಧನೆಯೂ ಹೋಲಿಕೆಯ ಮೋಹವೂ

ನಾಲ್ವತ್ತು ವರ್ಷಗಳ ಹಿಂದೆ ನಮ್ಮ ಸುರಪುರ ಸೀಮೆಯಲ್ಲಿ ಹೆಣ್ಣುಮಕ್ಕಳು ಬೆಳಗಿನ ಹೊತ್ತು ಕೈಯಲ್ಲಿ ಏನನ್ನೂ ಹಿಡಿಯದೆ ದಾರಿಯಲ್ಲಿ ನಡೆದರೆಂದರೆ, ಕಂಡವರು ಕಾರಣವನ್ನು ಕೇಳುತ್ತಿದ್ದರು. ನೀರಿಗೆ ನಡೆಯುವುದು, ಹೊಲಕ್ಕೆ ನಡೆಯುವುದು, ಜಾತ್ರೆಗೆ, ತವರಿಗೆ ನಡೆಯುವುದು ಎಲ್ಲರಿಗೂ ತಿಳಿದಿದ್ದಿತು. ನಡೆಯುವುದಕ್ಕಾಗಿಯೇ ನಡೆಯುವುದೆಂಬುದು ಯಾರ ಕಲ್ಪನೆಗೂ ಬಂದಿರಲಿಲ್ಲ. ಇಂದು ಕಾಲವು ತಿರುಗಿದೆ. 2015ನೆಯ ಇಸವಿಯಿಂದ ಈಚೆಗೆ ಪ್ರತಿ ವರ್ಷವೂ ಜೂನ್ 21ರಂದು ಯೋಗದಿನವು ನಡೆಯುತ್ತಿದೆ. ಶಾಲೆಗಳ ಅಂಗಳದಲ್ಲಿ ಬಾಲಿಕೆಯರೂ ಉಪಾಧ್ಯಾಯಿನಿಯರೂ ಸಾಲಾಗಿ ನಿಂತು ಆಸನಗಳನ್ನು ಹಾಕುವರು. ಪಟ್ಟಣಗಳಲ್ಲಿ ಜಿಮ್ಮುಗಳೆಂದು ಕರೆಯಲ್ಪಡುವ ವ್ಯಾಯಾಮಶಾಲೆಗಳು ತಲೆಯೆತ್ತಿವೆ. ಕೈಯಲ್ಲಿರುವ ಮೊಬೈಲು ದಿನಕ್ಕೆ ಎಷ್ಟು ಹೆಜ್ಜೆ ನಡೆದೆವೆಂಬುದನ್ನು ಎಣಿಸಿ ಹೇಳುತ್ತದೆ. ಸ್ತ್ರೀಯು ತನ್ನ ದೇಹವನ್ನು ಕೇವಲ ಸಂಸಾರದ ಉಪಕರಣವೆಂದು ತಿಳಿಯದೆ, ಅದರ ಯೋಗಕ್ಷೇಮವನ್ನು ತಾನೇ ವಿಚಾರಿಸಿಕೊಳ್ಳುವಂತಾದುದು ನಿಜವಾಗಿ ಸಂತೋಷಪಡತಕ್ಕ ಸಂಗತಿಯೇ ಸರಿ.

ಆದರೆ ಈ ಸಂತೋಷದ ಬೆನ್ನಿಗೇ ಒಂದು ಕ್ಲೇಶವೂ ಮನೆಗಳನ್ನು ಹೊಕ್ಕಿದೆ. ಬೆಂಗಳೂರಿನಲ್ಲಿರುವ ತಂಗಿಯು ತನ್ನ ಹೆಜ್ಜೆಗಳ ಲೆಕ್ಕವನ್ನು ಕಳುಹಿಸಿದರೆ, ಶಹಾಪುರದಲ್ಲಿರುವ ಅಕ್ಕನಿಗೆ ಅಂದಿನ ತನ್ನ ನಡಿಗೆಯು ನಡಿಗೆಯೇ ಅಲ್ಲವೆಂದು ತೋರುತ್ತದೆ. ಆಸನ ಹಾಕುವ ಸಾಲಿನಲ್ಲಿ ಪಕ್ಕದವಳ ಕೈ ಕಾಲ್ಬೆರಳನ್ನು ಮುಟ್ಟಿದರೆ, ಮೊಣಕಾಲಿನವರೆಗೆ ಮಾತ್ರ ಬಾಗಬಲ್ಲವಳು ನಾಚಿ, ಮರುದಿನ ಬಾರದೆ ನಿಲ್ಲುವಳು. ಇಲ್ಲವೆ ಹಟದಿಂದ ಬಾಗಿ ನಡುವನ್ನು ನೋಯಿಸಿಕೊಳ್ಳುವಳು. ಹೀಗೆ ಯಾವ ಸಾಧನೆಯು ಆರೋಗ್ಯಕ್ಕಾಗಿ ಆರಂಭವಾಯಿತೋ ಅದೇ ಮನಸ್ಸಿನ ಅನಾರೋಗ್ಯಕ್ಕೆ ಕಾರಣವಾಗುತ್ತದೆ. ಆದುದರಿಂದ ಪ್ರಶ್ನೆಯು ಇದು: ದೇಹದ ವಿಷಯದಲ್ಲಿ ಸ್ತ್ರೀಯು ಇತರರೊಡನೆ ತನ್ನನ್ನು ಹೋಲಿಸಿಕೊಳ್ಳುವುದನ್ನು ಬಿಡಬೇಕೇ? ಬಿಡುವುದಾದರೆ ಪೂರ್ತಿಯಾಗಿ ಬಿಡಬೇಕೇ? ಬಿಟ್ಟುಬಿಡುವುದು ಆಲಸ್ಯಕ್ಕೆ ಇನ್ನೊಂದು ಹೆಸರಾಗಲಾರದೇ?

ಮೊದಲು ಹೋಲಿಕೆಯೆಂದರೆ ಏನೆಂಬುದನ್ನು ನೋಡೋಣ. ಅಲಂಕಾರಶಾಸ್ತ್ರದಲ್ಲಿ ಉಪಮೆಗೆ ನಾಲ್ಕು ಅಂಗಗಳನ್ನು ಹೇಳಿದ್ದಾರೆ: ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕಪದ. ಮುಖವು ಚಂದ್ರನಂತೆ ಮನೋಹರವಾಗಿದೆ ಎಂದಾಗ ಮನೋಹರತ್ವವೆಂಬುದು ಎರಡರಲ್ಲಿಯೂ ಇರುವ ಸಾಧಾರಣಧರ್ಮ. ಅದನ್ನು ಬಾಯಿಬಿಟ್ಟು ಹೇಳದೆ ಇದ್ದರೆ ಲುಪ್ತೋಪಮೆಯಾದೀತು; ಆದರೆ ಅದು ಇರಲೇಬೇಕು. ಇಲ್ಲದೆ ಹೋದರೆ ಉಪಮೆಯೇ ಇಲ್ಲ. ಇನ್ನು ಒಂದು ಮನೆಯ ಇಬ್ಬರು ನೆಗೆಣ್ಣಿಯರನ್ನು ತೆಗೆದುಕೊಳ್ಳಿರಿ. ಒಬ್ಬಳಿಗೆ ಇಪ್ಪತ್ತಮೂರು ವಯಸ್ಸು, ಇನ್ನೂ ಮಕ್ಕಳಿಲ್ಲ. ಇನ್ನೊಬ್ಬಳಿಗೆ ಮೂವತ್ತೆಂಟು, ಮೂರು ಹೆರಿಗೆಗಳಾಗಿವೆ. ಒಂದರಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದಾರೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವವಳೂ, ರಾತ್ರಿ ಎಲ್ಲರದೂ ಮುಗಿದ ಮೇಲೆ ಉಣ್ಣುವವಳೂ ಇವಳೇ. ಇಬ್ಬರ ವಯಸ್ಸು ಬೇರೆ, ನಿದ್ರೆ ಬೇರೆ, ಆಹಾರ ಬೇರೆ, ದೇಹದ ಹಿಂದಿನ ಕಥೆ ಬೇರೆ. ಇವರಲ್ಲಿ ಒಬ್ಬಳ ಸೊಂಟವನ್ನು ಮತ್ತೊಬ್ಬಳ ಸೊಂಟಕ್ಕೆ ಹೋಲಿಸಿ ತೀರ್ಪು ಹೇಳುವವರು ಯಾವ ಸಾಧಾರಣಧರ್ಮವನ್ನು ಹಿಡಿದು ಹೇಳುವರು? ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದಾರೆಂಬುದನ್ನು ಬಿಟ್ಟರೆ ಬೇರೆ ಏನೂ ಇಲ್ಲ. ಕಾವ್ಯದಲ್ಲಿ ಇಂತಹ ಉಪಮೆಯನ್ನು ಕಂಡರೆ ವಿದ್ವಾಂಸರು ನಗುವರು. ಮನೆಯಲ್ಲಿ ಕೇಳಿದರೆ ಒಪ್ಪಿ ತಲೆದೂಗುವರು.

ನಮ್ಮ ಪ್ರಾಚೀನ ವೈದ್ಯರು ಈ ತಪ್ಪನ್ನು ಮಾಡಲಿಲ್ಲ. ವ್ಯಾಯಾಮದ ಪ್ರಮಾಣವನ್ನು ಹೇಳುವಾಗ ಸುಶ್ರುತಸಂಹಿತೆಯು ಇಷ್ಟು ದಂಡ, ಇಷ್ಟು ಬಸ್ಕಿ, ಇಷ್ಟು ಹರದಾರಿ ಎಂದು ಎಲ್ಲರಿಗೂ ಒಂದೇ ಲೆಕ್ಕವನ್ನು ಹಾಕಿಕೊಡುವುದಿಲ್ಲ. ಅವರವರ ಬಲದ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂದು ಹೇಳುತ್ತದೆ. ಅರ್ಧಬಲವಾಯಿತೆಂದು ತಿಳಿಯುವ ಬಗೆ ಹೇಗೆ? ಎದೆಯಲ್ಲಿ ನಿಂತಿದ್ದ ಉಸಿರು ಬಾಯಿಯಿಂದ ಹೊರಬೀಳಲಾರಂಭಿಸಿದರೆ ಅದೇ ಅದರ ಗುರುತು. ಇಷ್ಟೇ ಅಲ್ಲ, ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಎಂಬ ಆರನ್ನು ಮೊದಲು ವಿಚಾರಿಸಿ ಆಮೇಲೆ ವ್ಯಾಯಾಮವನ್ನು ಮಾಡಬೇಕೆಂದೂ ಅಲ್ಲಿಯೇ ವಿಧಿಸಿದೆ. ಈ ಆರರ ಪಟ್ಟಿಯಲ್ಲಿ ನೆರೆಯವಳ ಹೆಸರಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅರ್ಧಬಲವೆಂಬ ಅಳತೆಯಲ್ಲಿ ಒಂದು ವಿಶೇಷವುಂಟು. ಅದನ್ನು ಮತ್ತೊಬ್ಬರನ್ನು ನೋಡಿ ಅಳೆಯುವುದು ಸಾಧ್ಯವೇ ಇಲ್ಲ. ನನ್ನ ಉಸಿರು ಯಾವಾಗ ಬಾಯಿಗೆ ಬಂದಿತೆಂಬುದನ್ನು ನನ್ನ ಎದೆಯೇ ಹೇಳಬೇಕಲ್ಲದೆ ಪಕ್ಕದವರ ಎದೆಯು ಹೇಳಲಾರದು. ಮಿತಿಯನ್ನು ಮೀರಿದವರ ಗತಿಯನ್ನು ಹೇಳುವುದಕ್ಕೆ ಚರಕಸಂಹಿತೆಯು ಕೊಡುವ ದೃಷ್ಟಾಂತವು ಸ್ಮರಣೀಯವಾದುದು: ಆನೆಯನ್ನು ಎಳೆದೊಯ್ಯಲು ಹೊರಟ ಸಿಂಹದಂತೆ ಅಂಥವನು ನಾಶವಾಗುವನಂತೆ. ಸಿಂಹವು ದುರ್ಬಲವಾದ ಪ್ರಾಣಿಯಲ್ಲ. ಅದು ಕೆಟ್ಟುದು ತನ್ನ ಬಲವನ್ನು ಬಿಟ್ಟು ಆನೆಯ ಭಾರವನ್ನು ಅಳತೆಯಾಗಿ ಹಿಡಿದುದರಿಂದ.

ಇದು ಹಳೆಯ ಮಾತು, ಈಗಿನ ಶಾಸ್ತ್ರವು ಬೇರೆಯಾಗಿ ಹೇಳುತ್ತದೆಯೆಂದು ಕೆಲವರು ಅನ್ನಬಹುದು. ಈಗಿನ ಅಳತೆಗಳನ್ನೇ ಪರೀಕ್ಷಿಸೋಣ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕೆಯನ್ನು ನೋಡಿ ದಪ್ಪ, ತೆಳು ಎಂದು ಹೇಳುವ ಪದ್ಧತಿಯು ಇಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಇದೆ. ಇದರ ಮೂಲಪುರುಷನು ಬೆಲ್ಜಿಯಂ ದೇಶದ ಅಡೋಲ್ಫ್ ಕೆಟ್ಲೆ ಎಂಬ ಗಣಿತಜ್ಞ. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಅವನು ಹುಡುಕುತ್ತಿದ್ದುದು ರೋಗವನ್ನಲ್ಲ, ಸರಾಸರಿ ಮನುಷ್ಯನನ್ನು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿದ್ವಾಂಸನು ತನ್ನ ಸಂಗಡಿಗರೊಡನೆ ಈ ಅಂಕೆಗೆ ಈಗಿನ ಹೆಸರನ್ನಿಟ್ಟಾಗ ಪರೀಕ್ಷಿಸಿದುದು ಪುರುಷರ ದೇಹಗಳನ್ನು. ಲೋಕಕ್ಕೆಲ್ಲ 25 ಎಂಬುದು ಎಚ್ಚರಿಕೆಯ ಗಡಿಯೆಂದು ಬಹುಕಾಲ ನಡೆಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದ ಜನರಿಗೆ 23ರಿಂದಲೇ ಅಪಾಯವು ಹೆಚ್ಚುವುದೆಂದು ತಿಳಿಸಿದರು. ಒಂದೇ ಅಳತೆಯು ಎಲ್ಲ ಜನಕ್ಕೂ ಒಪ್ಪದೆಂದು ಶಾಸ್ತ್ರವೇ ಒಪ್ಪಿದಂತಾಯಿತು. ಸಮೂಹವನ್ನು ತಿಳಿಯುವುದಕ್ಕೆ ಈ ಅಂಕೆಯು ಉಪಯುಕ್ತವಾದುದು; ವೈದ್ಯನ ಕೈಯಲ್ಲಿ ಮೊದಲ ಸೂಚನೆಯಾಗಿಯೂ ಅದಕ್ಕೆ ಬೆಲೆಯಿದೆ. ಆದರೆ ಇಬ್ಬರು ಸ್ತ್ರೀಯರಲ್ಲಿ ಯಾರು ಮೇಲು ಎಂಬುದನ್ನು ನಿರ್ಣಯಿಸುವುದಕ್ಕೆ ಅದು ಹುಟ್ಟಿದುದಲ್ಲ.

ಹತ್ತು ಸಾವಿರ ಹೆಜ್ಜೆಯ ಕಥೆಯು ಇನ್ನೂ ಸ್ವಾರಸ್ಯವಾದುದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯದವರು ನಡೆದವರೇ ಅಲ್ಲವೆಂಬ ಭಾವನೆಯು ಇಂದು ವಿದ್ಯಾವಂತರ ಮನೆಗಳಲ್ಲಿ ಬೇರೂರಿದೆ. ಈ ಸಂಖ್ಯೆಯು ಬಂದುದು ಯಾವ ವೈದ್ಯಗ್ರಂಥದಿಂದಲೂ ಅಲ್ಲ. 1965ರಲ್ಲಿ ಜಪಾನಿನ ಯಮಾಸಾ ಎಂಬ ಕಂಪೆನಿಯು ಹೆಜ್ಜೆಯೆಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರನ್ನಿಟ್ಟಿತು. ಅಂಗಡಿಯ ಫಲಕವು ಧರ್ಮಶಾಸ್ತ್ರವಾಯಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ ಎಪ್ಪತ್ತೆರಡು ವಯಸ್ಸಿನ 16,741 ಸ್ತ್ರೀಯರನ್ನು ಕುರಿತ ಒಂದು ಅಧ್ಯಯನವು ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ ಸುಮಾರು 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಮರಣದ ಪ್ರಮಾಣವು ಬಹಳ ಕಡಿಮೆಯಾಗಿದ್ದಿತು; ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಾಗಾದರೆ ನಾಲ್ಕು ಸಾವಿರ ಹೆಜ್ಜೆ ನಡೆದು ಮಗಳ ಹತ್ತು ಸಾವಿರದ ಮುಂದೆ ತಲೆತಗ್ಗಿಸಿದ ಅಜ್ಜಿಯು ಯಾವುದಕ್ಕಾಗಿ ತಲೆತಗ್ಗಿಸಿದಳು? ಅವಳ ದೇಹಕ್ಕೆ ಬರಬೇಕಾದ ಲಾಭದ ದೊಡ್ಡ ಭಾಗವು ಬಂದೇ ಇದ್ದಿತು. ಸಮಾಧಾನವು ಮಾತ್ರ ಬರಲಿಲ್ಲ.

ಈ ಸಮಾಧಾನವೆಂಬುದು ಅಲ್ಪವಾದ ಮಾತಲ್ಲ. ಆರೋಗ್ಯವಂತನಿಗೆ ಸಂಸ್ಕೃತದಲ್ಲಿ ಸ್ವಸ್ಥನೆಂದು ಹೆಸರು. ‘ಸ್ವ’ ಎಂದರೆ ತಾನು, ‘ಸ್ಥ’ ಎಂದರೆ ನಿಂತಿರುವವನು. ತನ್ನಲ್ಲಿ ನಿಂತಿರುವವನೇ ಸ್ವಸ್ಥನು. ಸುಶ್ರುತಸಂಹಿತೆಯು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಕ್ರಿಯೆಗಳ ಸಾಮ್ಯವನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂದು ಸೇರಿಸುತ್ತದೆ. ಅಂದಮೇಲೆ ಅಂಗಗಳೆಲ್ಲ ಬಿಗಿಯಾಗಿದ್ದು, ನೋಟವು ಮಾತ್ರ ಸದಾ ಮತ್ತೊಬ್ಬಳ ಅಂಗಗಳ ಮೇಲೆಯೇ ಇದ್ದರೆ, ಆಕೆಯು ಬಲಶಾಲಿನಿಯಾಗಬಹುದೇ ಹೊರತು ಸ್ವಸ್ಥೆಯಾಗಲಾರಳು. ಆಕೆಯು ನಿಂತಿರುವುದು ತನ್ನಲ್ಲಿ ಅಲ್ಲ, ಪರರಲ್ಲಿ. ಹೋಲಿಕೆಯನ್ನು ಬಿಡಬೇಕೆಂದು ಹೇಳುವುದು ವೈರಾಗ್ಯದ ಉಪದೇಶವಲ್ಲ. ಆರೋಗ್ಯದ ಲಕ್ಷಣದಲ್ಲಿಯೇ ಅದು ಅಡಗಿದೆ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಪೈಪೋಟಿಯಿಲ್ಲದೆ ಉತ್ಸಾಹವೆಲ್ಲಿಯದು? ಮುಂದೆ ಓಡುವವರನ್ನು ಕಂಡೇ ಅಲ್ಲವೇ ಹಿಂದಿನವರು ಓಡುವುದು? ಇದರಲ್ಲಿ ಸತ್ಯಾಂಶವುಂಟು. ಆಟದ ಕಣದಲ್ಲಿ ಹೋಲಿಕೆಯು ಬೇಕೇ ಬೇಕು. ಆದರೆ ಕಣವು ಅದಕ್ಕೆ ಎಷ್ಟು ಕಟ್ಟುಪಾಡುಗಳನ್ನು ಇಟ್ಟಿದೆಯೆಂಬುದನ್ನು ನೋಡಿರಿ. ಕುಸ್ತಿಯಲ್ಲಿ ತೂಕಕ್ಕೆ ತೂಕ. ಶಾಲೆಯ ಕ್ರೀಡೆಗಳಲ್ಲಿ ವಯಸ್ಸಿಗೆ ವಯಸ್ಸು. ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರು ಶೈಶವದಲ್ಲಿಯೇ ಪೋಲಿಯೋ ರೋಗಕ್ಕೆ ತುತ್ತಾದವರು. ಅನೇಕ ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಗಾಲಿಕುರ್ಚಿಯಲ್ಲಿ ಕುಳಿತು ಗುಂಡು, ಚಕ್ರ, ಭರ್ಜಿಗಳನ್ನು ಎಸೆದು, ದೇಶವಿದೇಶಗಳಲ್ಲಿ ಪದಕಗಳನ್ನು ಪಡೆದು, 2001ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅವರು ಸ್ಪರ್ಧಿಸಿದ ಕ್ರೀಡೆಗಳಲ್ಲಿ ದೇಹದ ಶಕ್ತಿಯನ್ನು ಮೊದಲು ಪರೀಕ್ಷಿಸಿ, ಸಮಾನರನ್ನು ಸಮಾನರೊಡನೆ ಸೇರಿಸಿ, ಆಮೇಲೆ ಸ್ಪರ್ಧೆಯನ್ನು ನಡೆಸುವರು. ಹೋಲಿಕೆಯನ್ನೇ ವೃತ್ತಿಯಾಗಿ ಮಾಡಿಕೊಂಡ ಕ್ರೀಡಾಲೋಕವು ಸಾಧಾರಣಧರ್ಮವನ್ನು ಇಷ್ಟು ಕಟ್ಟುನಿಟ್ಟಾಗಿ ಹುಡುಕುತ್ತಿರುವಾಗ, ಅಡುಗೆಮನೆಯ ಬಾಗಿಲಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ನಾವು ಯಾವ ವರ್ಗವನ್ನೂ ನೋಡದೆ ತೀರ್ಪು ಕೊಡುತ್ತೇವೆ.

ಅನ್ಯಾಯದ ಹೋಲಿಕೆಯು ಎಷ್ಟು ಕಾಲ ಹಾನಿಮಾಡಬಲ್ಲುದೆಂಬುದಕ್ಕೆ ಹೊರದೇಶದ ಒಂದು ಪ್ರಸಂಗವನ್ನು ಹೇಳಬಹುದು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರು ಮೊದಲ ಬಾರಿಗೆ 800 ಮೀಟರು ಓಡಿದರು. ಓಟದ ಕೊನೆಯಲ್ಲಿ ಅವರು ಬಳಲಿದುದನ್ನು ಪತ್ರಿಕೆಗಳು ಹಿಗ್ಗಿಸಿ ಬರೆದವು, ಈ ದೂರವು ಹೆಣ್ಣಿಗೆ ತಕ್ಕುದಲ್ಲವೆಂಬ ಕೂಗೆದ್ದಿತು, ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದುದು 1960ರಲ್ಲಿ. ಓಡಿ ಮುಗಿಸಿದ ಗಂಡಸು ನೆಲಕ್ಕೆ ಕುಸಿದರೆ ಅದು ಪರಾಕ್ರಮ. ಹೆಂಗಸು ಕುಸಿದರೆ ಅದು ಅಯೋಗ್ಯತೆ. ಮೂವತ್ತೆರಡು ವರ್ಷ ಸ್ತ್ರೀಯರು ತಮ್ಮ ಬಲವನ್ನು ತಾವು ಅರಿಯುವ ಅವಕಾಶವನ್ನೇ ಕಳೆದುಕೊಂಡುದು ಈ ಒಂದು ಹೋಲಿಕೆಯಿಂದ.

ಮುಂದೆ ಹೋದವರನ್ನು ನೋಡಿ ಕಲಿಯುವುದೂ ಹೋಲಿಕೆಯಲ್ಲವೇ ಎಂದರೆ, ಅಲ್ಲ. ಅದಕ್ಕೆ ಆದರ್ಶವೆಂದು ಹೆಸರು. ಆದರ್ಶವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕನ್ನಡಿಯೆಂಬ ಅರ್ಥವೂ ಉಂಟು. ಕನ್ನಡಿಯಲ್ಲಿ ಕಾಣುವುದು ನಮ್ಮ ಮುಖವೇ ಹೊರತು ಕನ್ನಡಿಯ ಮುಖವಲ್ಲ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಗಳಿಂದ ಜರ್ಜರಿತರಾಗಿದ್ದವರು. ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಯೋಗವನ್ನು ಕಲಿತು, ಮುಂದೆ ಪುಣೆಯಲ್ಲಿ ನೆಲಸಿ, ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳನ್ನು ಆಸನಕ್ಕೆ ಸಾಧನವಾಗಿ ಬಳಸುವ ಕ್ರಮವನ್ನು ಬೆಳೆಸಿದರು. ಬಾಗಲಾರದವನು ಬಾಗಬಲ್ಲವನ ಮುಂದೆ ನಾಚದೆ, ತನ್ನ ಮಿತಿಯಲ್ಲಿಯೇ ಆಸನದ ಫಲವನ್ನು ಪಡೆಯಲೆಂಬುದು ಅದರ ತಾತ್ಪರ್ಯ. ಅವರ ಮಗಳು ಗೀತಾ ಅಯ್ಯಂಗಾರ್ (1944–2018) ಅವರು ಬಾಲ್ಯದಲ್ಲಿ ಮೂತ್ರಪಿಂಡದ ಕಠಿಣ ವ್ಯಾಧಿಯಿಂದ ನರಳಿದವರು. ಆಕೆ ತಂದೆಯ ಮಾರ್ಗವನ್ನು ಹಿಡಿದರು. ಆದರೆ ತಂದೆಯ ದೇಹವನ್ನು ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಮುಟ್ಟು, ಗರ್ಭ, ಬಾಣಂತನ, ಮುಟ್ಟು ನಿಲ್ಲುವ ವಯಸ್ಸು ಎಂಬ ಸ್ತ್ರೀದೇಹದ ಅವಸ್ಥೆಗಳನ್ನು ಎದುರಿಗಿಟ್ಟುಕೊಂಡು, ಸ್ತ್ರೀಯರಿಗಾಗಿಯೇ ಯೋಗವನ್ನು ಕುರಿತು ಗ್ರಂಥವನ್ನು ಬರೆದರು. ಆದರ್ಶವನ್ನು ಹಿಡಿಯುವ ಸರಿಯಾದ ರೀತಿಯು ಇದು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಹೋಲಿಕೆಯನ್ನು ಬಿಡಿರೆಂದು ಹೆಣ್ಣುಮಕ್ಕಳಿಗೆ ಹೇಳುವುದು, ಇದ್ದುದರಲ್ಲಿ ತೃಪ್ತಿಪಡಿರೆಂದು ಬಡವರಿಗೆ ಹೇಳಿದಂತೆ ಆಗಲಾರದೇ? ಇದಕ್ಕೆ ಎಚ್ಚರಿಕೆಯಿಂದ ಉತ್ತರ ಹೇಳಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದಿತು. ಅದೇ ವಯಸ್ಸಿನ ಪುರುಷರಲ್ಲಿ ನೂರಕ್ಕೆ 25 ಮಂದಿಗೆ. ಕರ್ನಾಟಕದ ಸ್ತ್ರೀಯರಲ್ಲಿ ಇದು ನೂರಕ್ಕೆ ಸುಮಾರು 48. ಇಲ್ಲಿ 57ನ್ನು 25ಕ್ಕೆ ಹೋಲಿಸದೆ ಬಿಟ್ಟರೆ ಅದು ಶಾಂತಿಯಲ್ಲ, ಕುರುಡುತನ. ಮಗನ ತಟ್ಟೆಯನ್ನೂ ಮಗಳ ತಟ್ಟೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು, ಅವನಿಗೆ ಆಟದ ಬಯಲೂ ಅವಳಿಗೆ ಕಸಬರಿಗೆಯೂ ಏಕೆಂದು ಕೇಳುವುದು, ಇವು ಬಿಡತಕ್ಕ ಹೋಲಿಕೆಗಳಲ್ಲ; ಅವಶ್ಯವಾಗಿ ಮಾಡತಕ್ಕವು. ಏಣಿನ ಮೇಲೆ ಏದುಸಿರು ಬಿಡುವ ಸೊಸೆಯು ಸೋಮಾರಿಯಲ್ಲ, ರಕ್ತವಿಲ್ಲದವಳು ಎಂಬುದು ತಿಳಿಯುವುದೂ ಇಂತಹ ಅಳತೆಯಿಂದಲೇ. ಹಾಗಾದರೆ ಭೇದವೆಲ್ಲಿ? ಒಂದು ಹೋಲಿಕೆಯು ಸಿಗಬೇಕಾದುದು ಸಿಕ್ಕಿತೇ ಎಂದು ಕೇಳುತ್ತದೆ. ಇನ್ನೊಂದು ನೀನು ಎಷ್ಟು ಬೆಲೆಯವಳೆಂದು ಕೇಳುತ್ತದೆ. ಮೊದಲನೆಯದರ ಉತ್ತರವು ಕಾಳು, ಸೊಪ್ಪು, ಔಷಧ, ವಿಶ್ರಾಂತಿಗಳ ರೂಪದಲ್ಲಿ ಬರುತ್ತದೆ. ಎರಡನೆಯದರ ಉತ್ತರವು ನಾಚಿಕೆಯ ರೂಪದಲ್ಲಿ ಬರುತ್ತದೆ. ಮೊದಲನೆಯದನ್ನು ಇಟ್ಟುಕೊಳ್ಳಬೇಕು, ಎರಡನೆಯದನ್ನು ಬಿಡಬೇಕು. ಮನುಷ್ಯನ ಬೆಲೆಯು ಮೈಯ ಹೊರಗುರುತುಗಳಲ್ಲಿ ಇಲ್ಲವೆಂದೂ ಒಳಗಿರುವ ಆತ್ಮವು ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂದೂ ನಮ್ಮ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯನು ಎಷ್ಟೋ ಶತಮಾನಗಳ ಹಿಂದೆಯೇ ಹೇಳಿಹೋಗಿದ್ದಾನೆ.

ನಮ್ಮ ಭಾಗದಲ್ಲಿ ಈ ವಿಚಾರಕ್ಕೆ ಮತ್ತೊಂದು ಮುಖವಿದೆ. ಕೃಷ್ಣೆಯ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಭತ್ತದ ಗದ್ದೆಗಳು ಹೆಚ್ಚಿದುವು. ಕೆಸರಿನಲ್ಲಿ ಬಾಗಿ ಸಸಿ ನೆಡುವವರು, ಬಿಸಿಲಿನಲ್ಲಿ ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಬಹುತರವಾಗಿ ಹೆಣ್ಣುಮಕ್ಕಳೇ. ಇವರ ಹೆಜ್ಜೆಗಳನ್ನು ಯಾವ ಮೊಬೈಲೂ ಎಣಿಸಿಲ್ಲ. ಬಾಗಿದ ಬೆನ್ನಿನ ಗಂಟೆಗಳನ್ನು ಯಾವ ವ್ಯಾಯಾಮಶಾಲೆಯೂ ಬರೆದಿಟ್ಟಿಲ್ಲ. ಪಟ್ಟಣದ ಚಿತ್ರಗಳಲ್ಲಿ ಕಾಣುವ ಸಪೂರವಾದ ದೇಹವನ್ನು ಅಳತೆಯಾಗಿ ಇಟ್ಟುಕೊಂಡರೆ ಈ ದೃಢವಾದ ತೋಳುಗಳು ಒರಟಾಗಿ ಕಾಣುವುವು. ಇವರ ದೇಹವನ್ನು ಅಳತೆಯಾಗಿ ಇಟ್ಟುಕೊಂಡರೆ, ದಿನವೆಲ್ಲ ಕುರ್ಚಿಯಲ್ಲಿ ಕುಳಿತು ದುಡಿದು, ಸಂಜೆ ಅರ್ಧ ಗಂಟೆ ನಡೆಯುವ ಗುಮಾಸ್ತೆಯ ಪ್ರಯತ್ನವು ವಿನೋದವಾಗಿ ಕಾಣುವುದು. ಎರಡೂ ಅನ್ಯಾಯ. ದುಡಿಯುವವಳಿಗೆ ಬೇಕಾದ ವ್ಯಾಯಾಮವು ಬಹುಶಃ ವಿಶ್ರಾಂತಿಯೇ ಆಗಿರಬಹುದು; ಕುಳಿತಿರುವವಳಿಗೆ ಬೇಕಾದುದು ಆ ಅರ್ಧ ಗಂಟೆಯೇ.

ಬೋನಾಳದ ಕೆರೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಸುರಪುರದ ಅರಸರು ಕಟ್ಟಿಸಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರನು ಸುಧಾರಿಸಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅದೇ ನೀರಿನ ಜೊಂಡಿನಲ್ಲಿ ನೇರಳೆ ಮೈಯ ಜೌಗುಕೋಳಿಯು ಉದ್ದವಾದ ಬೆರಳುಗಳನ್ನು ಊರಿ ನಡೆದಾಡುತ್ತದೆ. ದೂರ ಹಾರುವುದು ಅದರ ಕೆಲಸವಲ್ಲ. ಹೆಬ್ಬಾತಿನ ಹಾರಾಟದಿಂದ ಅಳೆದರೆ ಜೌಗುಕೋಳಿಯು ಹೆಳವ. ಜೊಂಡಿನ ಮೇಲಿನ ನಡಿಗೆಯಿಂದ ಅಳೆದರೆ ಹೆಬ್ಬಾತು ಅಯೋಗ್ಯ. ಹಕ್ಕಿಗಳಿಗೆ ಈ ಚಿಂತೆಯಿಲ್ಲ. ಅದು ಅವುಗಳ ಸದ್ಗುಣವೆಂದು ಹೇಳಲಾಗದು, ಏಕೆಂದರೆ ಅವು ಬಿಟ್ಟುದು ಏನೂ ಇಲ್ಲ. ಹೋಲಿಸುವ ಬುದ್ಧಿಯು ಮನುಷ್ಯನಿಗೆ ಮಾತ್ರ ಬಂದಿದೆ. ಆದುದರಿಂದ ಬಿಡುವ ಶ್ರಮವೂ ಮನುಷ್ಯನದೇ.

ಬಿಡುವುದು ಹೇಗೆ? ಬಿಡುತ್ತೇನೆಂದು ಹಟ ತೊಟ್ಟರೆ ಹೋಲಿಕೆಯು ಬಿಡುವುದಿಲ್ಲ. 1954ರಲ್ಲಿ ಲಿಯೋನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಈ ವಿಷಯದಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದನು: ತನ್ನನ್ನು ಅಳೆದುಕೊಳ್ಳಲು ಬೇರೆ ನಿಶ್ಚಿತವಾದ ಸಾಧನವಿಲ್ಲದಾಗ ಮನುಷ್ಯನು ನೆರೆಯವರನ್ನೇ ಅಳತೆಗೋಲಾಗಿ ಮಾಡಿಕೊಳ್ಳುವನು. ಇದು ನಿಜವಾದರೆ ಉಪಾಯವೂ ಇದರಲ್ಲಿಯೇ ಇದೆ. ಸ್ತ್ರೀಗೆ ಅವಳದೇ ಆದ ಅಳತೆಯನ್ನು ಕೊಡಬೇಕು. ಹೋದ ತಿಂಗಳು ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತಿದ್ದೆ, ಈಗ ಎಲ್ಲಿ ನಿಲ್ಲುತ್ತೇನೆ? ರಾತ್ರಿ ನಿದ್ರೆ ಬರುತ್ತದೆಯೇ? ಹಸಿವು ಸರಿಯಾಗಿ ಆಗುತ್ತದೆಯೇ? ಕೊಡವನ್ನೆತ್ತಿದಾಗ ನಡು ನೋಯುತ್ತದೆಯೇ? ಉಸಿರು ಬಾಯಿಗೆ ಬರುವುದು ಎಷ್ಟು ಹೊತ್ತಿಗೆ? ಇವಕ್ಕೆ ಉತ್ತರವನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡವಳಿಗೆ ನೆರೆಯವಳ ಸೊಂಟದ ಅಳತೆಯು ಅಷ್ಟಾಗಿ ಬೇಕಾಗದು. ಪತಂಜಲಿಯ ಯೋಗಸೂತ್ರಗಳಲ್ಲಿ ಚಿತ್ತಪ್ರಸಾದಕ್ಕೆ ಹೇಳಿರುವ ನಾಲ್ಕು ಭಾವನೆಗಳಲ್ಲಿ ಮುದಿತೆಯೆಂಬುದು ಒಂದು. ಮತ್ತೊಬ್ಬರ ಒಳ್ಳೆಯದನ್ನು ಕಂಡು ಹರ್ಷಿಸುವುದು. ಆಸನಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ನಾವು ಈ ಸೂತ್ರವನ್ನೂ ನೆನೆಯುವುದೊಳ್ಳೆಯದು. ಓರಗಿತ್ತಿಯು ಹತ್ತು ಸಾವಿರ ಹೆಜ್ಜೆ ನಡೆದಳೇ? ಅವಳಿಗೆ ಒಳ್ಳೆಯದಾಯಿತು. ಅದರಿಂದ ನನ್ನ ನಾಲ್ಕು ಸಾವಿರದಲ್ಲಿ ಒಂದು ಹೆಜ್ಜೆಯೂ ಕಡಿಮೆಯಾಗಲಿಲ್ಲ.

ಇಷ್ಟನ್ನು ಹೇಳಿದ ಮೇಲೂ ಬಹುಮುಖ್ಯವಾದ ಮಾತೊಂದು ಉಳಿದಿದೆ. ಹೋಲಿಕೆಯನ್ನು ಬಿಡಬೇಕೆಂಬ ಉಪದೇಶವನ್ನು ಸ್ತ್ರೀಯರಿಗೆ ಮಾತ್ರ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಯಾವ ಬಾಲಿಕೆಯೂ ಹುಟ್ಟುತ್ತಲೇ ತನ್ನ ಬಣ್ಣವನ್ನೂ ತೂಕವನ್ನೂ ಹೋಲಿಸಿಕೊಂಡು ಬರುವುದಿಲ್ಲ. ‘ಆಕಿನ್ನ ನೋಡು, ಎಷ್ಟು ಚೊಲೊ ಅದಾಳ, ನೀ ಹ್ಯಾಂಗ ಆಗೀದಿ’ ಎಂಬ ಮಾತು ಮೊದಲು ಹಿರಿಯರ ಬಾಯಿಂದ ಬೀಳುವುದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನು ತಿನ್ನುತ್ತ ಹೇಳುವುದು. ಬಾಣಂತಿಯನ್ನು ನೋಡಲು ಬಂದವರು ಮಗುವಿನ ಮುಖಕ್ಕಿಂತ ಮೊದಲು ತಾಯಿಯ ಹೊಟ್ಟೆಯನ್ನು ನೋಡಿ ಹೇಳುವುದು. ಗಂಡನು ವಿನೋದವೆಂದು ಹೇಳುವುದು. ನೂರು ಬಾರಿ ಹೊರಗಿನಿಂದ ಕೇಳಿದ ಮಾತು ನೂರೊಂದನೆಯ ಬಾರಿ ಒಳಗಿನಿಂದಲೇ ಕೇಳಿಬರುತ್ತದೆ. ಆಗ ನಾವು ಅದನ್ನು ಸ್ತ್ರೀಸ್ವಭಾವವೆಂದು ಕರೆದು ನಿಶ್ಚಿಂತರಾಗುತ್ತೇವೆ. ಬಿತ್ತಿದವರು ನಾವು, ಬೆಳೆಯನ್ನು ನಿಂದಿಸುವವರೂ ನಾವು.

ಆದುದರಿಂದ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನನ್ನ ಪ್ರಾರ್ಥನೆಯಿಷ್ಟು. ಮಗಳು, ಸೊಸೆ, ಹೆಂಡತಿ, ಅವ್ವ, ಇವರಲ್ಲಿ ಯಾರಾದರೂ ನಡೆಯಲು ಹೊರಟರೆ, ಎಷ್ಟು ನಡೆದೆಯೆಂದು ಕೇಳುವುದಕ್ಕೆ ಬದಲಾಗಿ, ಬಂದ ಮೇಲೆ ಮೈ ಹಗುರಾಯಿತೇ ಎಂದು ಕೇಳಿರಿ. ಅವಳು ಹಿಂದಿರುಗುವಷ್ಟರಲ್ಲಿ ಒಲೆಯ ಮೇಲೆ ಹಾಲನ್ನು ಯಾರಾದರೂ ಕಾಯಿಸಿಟ್ಟಿರಲಿ. ಅರ್ಧ ಗಂಟೆಯ ನಡಿಗೆಗಾಗಿ ಅವಳು ಅರ್ಧ ಗಂಟೆ ಮುಂಚಿತವಾಗಿ ಏಳುವಂತಾಗದಿರಲಿ. ಅವಳ ದೇಹದ ಬಗ್ಗೆ ಮಾತಾಡಲೇಬೇಕಾದರೆ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ನೆರೆಮನೆಯವಳ ಹೆಸರನ್ನು ತೆಗೆಯಬೇಡಿರಿ. ಸ್ತ್ರೀಯರಾದರೂ ತಮ್ಮ ಬಲದ ಅರ್ಧವೆಷ್ಟೆಂಬುದನ್ನು ತಮ್ಮ ಉಸಿರನ್ನೇ ಕೇಳಿ ತಿಳಿದುಕೊಳ್ಳಲಿ. ಇಂದು ಅದು ಹತ್ತು ಮಾರಾದರೆ ಹತ್ತೇ ಮಾರು ನಡೆಯಲಿ, ನಾಳೆ ಹನ್ನೊಂದಾದೀತು. ಆಗದಿದ್ದರೂ ನಡೆದ ಹತ್ತು ಮಾರು ಅವರದೇ.